ಹದಿನೇಳನೇ ಗೂಡು

ಹೆಬ್ಬೆರಳನ್ನು ಮೂರನೆಯ ಸಲ ತಿಕ್ಕಿದರೂ ಆ ಕಂದು ಕಲೆ ಹೋಗಲಿಲ್ಲ. ಜೈಬುನ್ನೀಸಾ ಬಕೆಟ್ಟಿನ ಬಿಸಿನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿ, ಅರೆದ ಎಲಚಿ ಎಲೆಯ ನೊರೆಯನ್ನು ಮತ್ತೆ ಆ ಬೆರಳಿಗೆ ಹಚ್ಚಿದರು. ಅಲ್ಲಾಳಸಂದ್ರದ ಈ ಗಲ್ಲಿಗಳಲ್ಲಿ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುತ್ತ ಅವರಿಗೆ ಇಪ್ಪತ್ತು ವರ್ಷವಾಗಿತ್ತು. ಮೆಹಂದಿಯ ಕಲೆ, ಉಗುರುಬಣ್ಣದ ಕಲೆ ಎಲ್ಲ ಗೊತ್ತಿತ್ತು. ಇದು ಗೊತ್ತಾಗಲಿಲ್ಲ.

"ಇದೇನ್ ಬೇಟಾ, ಸುಟ್ಕೊಂಡಿದ್ದಾ?"

"ಹೂಂ ಖಾಲಾ, ಕೆಲಸದ್ದು. ಹೋಗಲ್ಲ ಬಿಡಿ," ಎಂದಳು ನೀರು ಹೊಯ್ಯುತ್ತಿದ್ದ ಅಮ್ರೀನ್. ಹಲಗೆಯ ಮೇಲೆ ಮಲಗಿದ್ದವರು ಅವಳ ತಂದೆಯ ಅಕ್ಕ ಮುಸರ್ರತ್. ಅವಳಿಗೆ ಫುಪ್ಪು. "ರಿಟೈರ್ ಆಗಿ ಎರಡು ವರ್ಷ ಆಯ್ತು. ಆದ್ರೂ ಹೋಗಿಲ್ಲ."

"ಏನ್ ಕೆಲಸ ಅದು, ಇಂಥ ಕಲೆ ಬೀಳೋದು?"

"ರೇಡಿಯೋಗೆ ಬೋರ್ಡ್ ಮಾಡೋದು ಅಂತಿದ್ರು. ಜಾಸ್ತಿ ಹೇಳ್ತಿರ್ಲಿಲ್ಲ."

ಜೈಬುನ್ನೀಸಾ ಬೆರಳನ್ನು ಬಿಟ್ಟು ಮೊಣಕೈಗೆ ಬಂದರು. ಮರೆಗೆ ಕಟ್ಟಿದ್ದ ನೀಲಿ ಟಾರ್ಪಾಲಿನ ಆಚೆ ಶಾಮಿಯಾನದವನು ಗಲ್ಲಿಯಲ್ಲಿ ಕುರ್ಚಿ ಹಾಕುವ ಸದ್ದು ಕೇಳುತ್ತಿತ್ತು.

"ಹೆಂಗಾಯ್ತು?"

"ಹಾಲಿಗೆ ಅಂತ ಹೊರಟಿದ್ರು. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡ್ತಿದ್ರು, ಹಂಗೇ ಮೆಟ್ಟಿಲ ಮೇಲೆ ಕೂತ್ಬಿಟ್ರು. ನಾನ್ ಮೇಲೆ ಹೋಗೋಷ್ಟರಲ್ಲಿ..." ಅಮ್ರೀನ್ ಚೊಂಬು ತುಂಬಿಸಿಕೊಂಡಳು. "ಅವ್ರಿಗೆ ಅದೊಂದು ಅಭ್ಯಾಸ ಖಾಲಾ. ಬೀಗ ಮೂರು ಸಲ ಎಳೀಬೇಕು. ಗ್ಯಾಸ್ ಮೂರು ಸಲ ನೋಡ್ಬೇಕು. ಕೆಳಗಿಳಿದು ಬಂದು, ನಂಗೆ ಕೀ ಕೊಟ್ಟು, 'ಒಂದ್ಸಲ ನೀನು ನೋಡ್ಕೊಂಡು ಬಾ ಬೇಟಾ, ನನ್ ಕೈ ಮೇಲೆ ನಂಗೆ ನಂಬಿಕೆ ಇಲ್ಲ' ಅನ್ನೋರು. ನಾವು ನಗ್ತಿದ್ವಿ."

"ಮೊದಲಿಂದಾನೂ ಹಂಗೇನಾ?"

"ಇಲ್ಲ. ನಾನ್ ಏಳನೇ ಕ್ಲಾಸಲ್ಲಿದ್ದಾಗ ಶುರುವಾಗಿದ್ದು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಜೈಬುನ್ನೀಸಾ ಕೊನೆಯ ಚೊಂಬಿನ ನೀರಿಗೆ ಕರ್ಪೂರ ಪುಡಿ ಮಾಡಿ ಹಾಕಿದರು.

*

ಚನ್ನಕ್ಕ ಬಂದಾಗ ಹನ್ನೊಂದು ಗಂಟೆ. ಜಕ್ಕೂರಿನ ಹಳೇ ಊರಿಂದ ಆಟೋ ಹಿಡಿದಿದ್ದವಳು ಫ್ಲೈಓವರ್ ಕೆಳಗೆ ಇಳಿದು, ಮಸೀದಿಯ ಹತ್ತಿರ ದಾರಿ ಕೇಳಿಕೊಂಡು ನಡೆದು ಬಂದಿದ್ದಳು. ಮುಸರ್ರತ್ ಮನೆಗೆ ಅವಳು ಕೊನೆಯ ಸಲ ಬಂದು ಹದಿಮೂರು ವರ್ಷವಾಗಿತ್ತು. ಆಗ ಮನೆಯ ಎದುರು ಖಾಲಿ ಸೈಟಿತ್ತು. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದ್ದರಿಂದ ಗುರುತು ಸಿಗದೆ ಒಮ್ಮೆ ದಾಟಿಹೋಗಿ ಹಿಂದಿರುಗಿದಳು.

ಗಂಡಸರು ಗಲ್ಲಿಯಲ್ಲಿದ್ದರು. ಶಾಮಿಯಾನದ ಕೆಳಗೆ ನಲವತ್ತು ಕುರ್ಚಿಯಿದ್ದರೂ ಕೂತವರು ಹತ್ತೇ ಜನ. ಚನ್ನಕ್ಕ ಗೋಡೆಯ ಬದಿಯ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತಳು. ಟಾರ್ಪಾಲಿನ ಕೆಳಗಿಂದ ಸ್ನಾನದ ನೀರು ಸಣ್ಣದಾಗಿ ಹರಿದು ಬಂದು, ಅವಳ ಕುರ್ಚಿಯ ಕಾಲ ಬುಡದ ಮಣ್ಣನ್ನು ನೆನೆಸಿ ಮುಂದೆ ಹೋಗುತ್ತಿತ್ತು.

ಬಿಳಿ ಗಡ್ಡದ ಒಬ್ಬರು ಹತ್ತಿರ ಬಂದರು. "ಯಾವ ಕಡೆಯಿಂದ ಬಂದ್ರಿ ಅಮ್ಮ?"

"ಕಂಪನಿಯಿಂದ. ಅವಳ ಜೊತೇಲಿ ಕೆಲಸ ಮಾಡ್ತಿದ್ದೆ."

"ಓ." ಅವರು ತಮ್ಮ ಎದೆ ಮುಟ್ಟಿಕೊಂಡರು. "ನಾನು ರಹಮತುಲ್ಲಾ, ಅವ್ರ ತಮ್ಮ. ಕಂಪನಿಯೋರು ಯಾರೂ ಬರಲ್ವೇನೋ ಅಂದ್ಕೊಂಡಿದ್ದೆ. ಇಪ್ಪತ್ತೊಂಬತ್ತು ವರ್ಷ ಹೋದ್ರು ಅಲ್ಲಿಗೆ. ಒಬ್ಬರ ಹೆಸರೂ ಹೇಳ್ತಿರ್ಲಿಲ್ಲ."

ಚನ್ನಕ್ಕ ತಲೆ ಎತ್ತಲಿಲ್ಲ. "ನನ್ ಎಸರೂ ಏಳ್ತಿರ್ಲಿಲ್ವಾ?"

"ನಿಮ್ಮ ಹೆಸರು?"

"ಚನ್ನಕ್ಕ."

ರಹಮತುಲ್ಲಾ ನೆನಪು ಮಾಡಿಕೊಳ್ಳಲು ನೋಡಿದರು. ಆಮೇಲೆ ಮರ್ಯಾದೆಗೆ, "ಹೇಳಿರ್ಬೇಕು, ಹೇಳಿರ್ಬೇಕು," ಎಂದು, ಬೇರೆ ಯಾರೋ ಕರೆದರೆಂದು ಆ ಕಡೆ ಹೋದರು.

*

ಮುಸರ್ರತ್, ಚನ್ನಕ್ಕ ಇಬ್ಬರೂ ಕಂಪನಿಗೆ ಸೇರಿದ್ದು ಒಂದೇ ವಾರ. ಯಲಹಂಕದ ಆಚೆ ಕೈಗಾರಿಕೆಗಳ ಸಾಲಿನಲ್ಲಿ ಶೀಟಿನ ಮಾಡಿನ ಸಣ್ಣ ಕಂಪನಿ ಅದು. ಸೇರಿದ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇಲ್ಲಿ ಏನು ಮಾಡುತ್ತೀರೆಂದು ಹೊರಗೆ ಹೇಳಬಾರದು. ಹಾಗಾಗಿ ಮುಸರ್ರತ್ ಮನೆಯಲ್ಲಿ ರೇಡಿಯೋ ಎಂದಳು. ಚನ್ನಕ್ಕ ಟೀವಿ ಎಂದಳು.

ಯುದ್ಧವಿಮಾನದ ಬೆನ್ನು ಹತ್ತಿ ಕ್ಷಿಪಣಿ ಬಂದಾಗ ಅದನ್ನು ದಾರಿ ತಪ್ಪಿಸಲು ವಿಮಾನವು ಉರಿಯುವ ಕಾಡತೂಸುಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಮೊಟ್ಟೆಯ ಟ್ರೇಯಂಥ ಒಂದು ಪೆಟ್ಟಿಗೆಯಲ್ಲಿ ಮೂವತ್ತು ಗೂಡುಗಳು, ಗೂಡಿಗೊಂದು ಕಾಡತೂಸು. ಪೈಲಟ್ ಗುಂಡಿ ಒತ್ತಿದ ಮೇಲೆ ಕರೆಂಟು ಒಂದಾದ ಮೇಲೊಂದು ಗೂಡಿಗೆ ಹೋಗಿ ಕಿಡಿ ಹೊತ್ತಿಸಬೇಕು. ಒಂದು ಹೊತ್ತದಿದ್ದರೆ ಅಲ್ಲೇ ನಿಲ್ಲದೆ ಮುಂದಿನದಕ್ಕೆ ಹೋಗಬೇಕು. ಆ ಕರೆಂಟನ್ನು ಹಂಚುವ ಬೋರ್ಡುಗಳು ತಯಾರಾಗುತ್ತಿದ್ದುದು ಅವರ ವಿಭಾಗದಲ್ಲಿ. ಕಾಡತೂಸನ್ನು ಅವರು ಕಣ್ಣಿಂದಲೂ ಕಂಡಿರಲಿಲ್ಲ. ಅದರ ಬದಲು ಪರೀಕ್ಷೆಯ ಮೇಜಿನ ಮೇಲೆ ಮೂವತ್ತು ಸಣ್ಣ ಬಲ್ಬುಗಳಿದ್ದವು. ಮುಸರ್ರತ್ ಬಿಸಿ ಐರನ್ನಿನಲ್ಲಿ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು, ಅಂದರೆ ಸೋಲ್ಡರ್ ಮಾಡುತ್ತಿದ್ದಳು. ಚನ್ನಕ್ಕ ಬೋರ್ಡನ್ನು ಮೇಜಿಗೆ ಸಿಕ್ಕಿಸಿ, ಗುಂಡಿ ಒತ್ತಿ, ಮೂವತ್ತೂ ಬಲ್ಬು ಸಾಲಾಗಿ ಹತ್ತಿದರೆ ಪುಸ್ತಕದಲ್ಲಿ ಓಕೆ ಎಂದು ಬರೆದು ಸಹಿ ಹಾಕುತ್ತಿದ್ದಳು.

ಮುಸರ್ರತ್‌ಗೆ ಮದುವೆಯಾಗಿರಲಿಲ್ಲ. ತಾಯಿ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಳ್ಳುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ತಮ್ಮನ ಮನೆಯ ಮೇಲೆ ಒಂದು ಕೋಣೆ, ಕೆಳಗೆ ತಮ್ಮನ ಸಂಸಾರ. ಹಾಗಾಗಿ ಅವಳ ದಿನದ ಮಾತೆಲ್ಲ ಮಧ್ಯಾಹ್ನದ ಊಟದ ಅರ್ಧ ಗಂಟೆಯಲ್ಲೇ ಮುಗಿಯಬೇಕಿತ್ತು, ಅದೂ ಚನ್ನಕ್ಕನ ಜೊತೆ. ಚನ್ನಕ್ಕನ ಉಪ್ಸಾರಿನ ಖಾರ ಅವಳಿಗೆ ಪ್ರಾಣ. ಅವಳು ತರುತ್ತಿದ್ದ ದಾಲ್ಚಾ ಚನ್ನಕ್ಕನ ಡಬ್ಬಿಗೆ ಹೋಗುತ್ತಿತ್ತು. ಹದಿನೆಂಟು ವರ್ಷ ಹೀಗೆ ಎದುರುಬದುರು ಕೂತು ಉಂಡರು.

"ನಿನ್ ಕೈ ಒಳ್ಳೇದು ಕಣೆ," ಎನ್ನುತ್ತಿದ್ದಳು ಚನ್ನಕ್ಕ. "ನೀನ್ ಮಾಡಿದ್ ಬೋರ್ಡು ನಾನ್ ನೋಡೋದೇ ದಂಡ."

"ಹಂಗೆಲ್ಲಾ ಅನ್ಬೇಡ. ನೋಡು. ಮೂವತ್ತೂ ನೋಡು."

ಯುಗಾದಿಗೆ ಮುಂಚಿನ ಒಂದು ಸೋಮವಾರ ಬೆಳಿಗ್ಗೆ ಮುಸರ್ರತ್ ತನ್ನ ಸೋಲ್ಡರಿಂಗ್ ಐರನ್ ಹಿಡಿದು ಸುಮ್ಮನೆ ಕೂತಳು. ಬಹಳ ಹೊತ್ತಾದ ಮೇಲೆ ಎದ್ದು ಎಂಜಿನಿಯರ್ ನರೇಂದ್ರರ ಮೇಜಿಗೆ ಹೋದಳು.

"ಸಾರ್, ಇದು ಸರಿಯಾಗಿ ಕಾಯ್ತಿಲ್ಲ. ಹೋದ ವಾರಾನೂ ಕಾದಿಲ್ಲ ಅನ್ಸುತ್ತೆ. ಆ ವಾರ ನಾನ್ ಮಾಡಿದ್ದ್ರಲ್ಲಿ ಡ್ರೈ ಸೋಲ್ಡರ್ ಇರ್ಬೋದು."

ಮೇಲೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ. ಅಂಥ ಬೆಸುಗೆಗೆ ಡ್ರೈ ಸೋಲ್ಡರ್ ಅನ್ನುತ್ತಾರೆ. ಇವತ್ತು ಬಲ್ಬು ಹತ್ತುತ್ತದೆ, ನಾಳೆ ಅದುರಿದರೆ ಹತ್ತುವುದಿಲ್ಲ.

"ಟೆಸ್ಟಲ್ಲಿ ಎಲ್ಲಾ ಪಾಸಾಗಿದೆಯಲ್ಲ? ನಲವತ್ತೆಂಟು ಬೋರ್ಡೂ ಡಬ್ಬಿಗೆ ಹಾಕಿ ಕಳಿಸಾಯ್ತು ಮುಸರ್ರತ್."

"ಪಾಸಾಗಿದೆ ಸಾರ್. ಆದ್ರೆ ನನ್ ಕೈಗೆ ಗೊತ್ತಾಗುತ್ತೆ."

ಬೋರ್ಡುಗಳನ್ನು ಕೂರಿಸಿದ್ದ ನಲವತ್ತೆಂಟು ಡಬ್ಬಿಗಳೂ ವಾಪಸು ಬಂದವು. ಎಲ್ಲರ ರಜೆಯೂ ರದ್ದಾಯಿತು. ಯುಗಾದಿ, ಭಾನುವಾರ ಎನ್ನದೆ ಇಪ್ಪತ್ತೆರಡು ದಿನ ಒಂದೊಂದನ್ನೂ ಬಿಚ್ಚಿ, ಒಂದೊಂದು ಬೆಸುಗೆಯನ್ನೂ ಅದುರಿಸಿ ನೋಡಬೇಕಾಯಿತು. ಚನ್ನಕ್ಕನ ತಾಯಿ ಆಗ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿದ್ದರು. ಎರಡು ದಿನ ರಜೆ ಕೇಳಿದಳು, ಸಿಗಲಿಲ್ಲ. ಹನ್ನೆರಡನೆಯ ದಿನ ಪರೀಕ್ಷೆಯ ಮೇಜಿನ ಮುಂದೆ ಕೂತಿದ್ದಾಗ ತಾಯಿ ಹೋದರೆಂದು ಫೋನು ಬಂತು.

ಸಾವಾದ ಮೂರನೆಯ ದಿನ ಮುಸರ್ರತ್ ಜಕ್ಕೂರಿನ ಮನೆಗೆ ಬಂದಿದ್ದಳು. ಬಾಳೆಹಣ್ಣಿನ ಚೀಲ ಹಿಡಿದು ಹೊರಗಿನ ಗೋಡೆಯ ಪಕ್ಕ ಒಂದು ಗಂಟೆ ನಿಂತಿದ್ದಳು. ಚನ್ನಕ್ಕ ಒಳಗಿಂದ ನೋಡಿದಳು. ಹೊರಗೆ ಬರಲಿಲ್ಲ.

ಕೆಲಸಕ್ಕೆ ಮರಳಿದ ಎರಡನೆಯ ದಿನ ಚನ್ನಕ್ಕ ಇಪ್ಪತ್ತಾರನೆಯ ಡಬ್ಬಿಯನ್ನು ಬಿಚ್ಚಿದಳು. ಗುಂಡಿ ಒತ್ತಿದಾಗ ಮೂವತ್ತೂ ಬಲ್ಬು ಹತ್ತಿದವು. ಬೋರ್ಡನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿ ಮತ್ತೆ ಒತ್ತಿದಳು. ಹದಿನಾರರ ತನಕ ಹತ್ತಿ, ಹದಿನೇಳನೆಯದು ಕತ್ತಲಾಗಿ, ಹದಿನೆಂಟು ಹತ್ತಿತು. ಮತ್ತೊಮ್ಮೆ ಒತ್ತಿದಾಗಲೂ ಹಾಗೆಯೇ ಆಯಿತು.

ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ದೋಷ ಕಂಡರೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು. ಬರೆದರೆ ಮುಸರ್ರತ್ ಹೇಳಿದ್ದು ನಿಜವಾಗುತ್ತಿತ್ತು. ಮೊದಲ ಸಲ ಅದನ್ನು ಓಕೆ ಎಂದು ಕಳಿಸಿದ ಸಹಿ ಯಾರದೆಂದು ಕೇಳುತ್ತಿದ್ದರು. ಚನ್ನಕ್ಕನ ಹೆದರಿಕೆ ಅದು. ಅದಕ್ಕಿಂತ ದೊಡ್ಡದು ಹೊಟ್ಟೆಯುರಿ. ಇವಳೊಬ್ಬಳ ಕೈಗೆ ಗೊತ್ತಾಗುತ್ತದಂತೆ. ಇವಳಿಂದಾಗಿ ನಾನು ಅವ್ವನ ಬಾಯಿಗೆ ನೀರು ಬಿಡಲಿಲ್ಲ. ಪಕ್ಕದ ಐರನ್ ತೆಗೆದುಕೊಂಡು ಆ ಬೆಸುಗೆಯನ್ನು ಕರಗಿಸಿ, ಸರಿಯಾಗಿ ಕೂರಿಸಿ, ಮತ್ತೆ ಬಗ್ಗಿಸಿ ಒತ್ತಿದಳು. ಹದಿನೇಳು ಹತ್ತಿತು. ನೀಲಿ ಶಾಯಿಯಲ್ಲಿ ಓಕೆ ಎಂದು ಬರೆದಳು.

ಇಪ್ಪತ್ತೆರಡನೆಯ ದಿನ ನರೇಂದ್ರ ಎಲ್ಲರ ಮುಂದೆ ಓದಿದರು: ನಲವತ್ತೆಂಟು ಡಬ್ಬಿ, ದೋಷ ಸೊನ್ನೆ.

"ಒಂದೂ ಇರ್ಲಿಲ್ವಾ ಸಾರ್?" ಎಂದು ಕೇಳಿದಳು ಮುಸರ್ರತ್.

ಯಾರೋ ನಕ್ಕರು. ಮಾರನೆಯ ದಿನದಿಂದ ಊಟಕ್ಕೆ ಅವಳ ಎದುರು ಯಾರೂ ಕೂರಲಿಲ್ಲ. ಚನ್ನಕ್ಕ ತನ್ನ ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಮಿಕ್ಕವರು ಅವಳ ಹಿಂದೆ ಹೋದರು. ಮುಸರ್ರತ್ ನೀರಿನ ಫಿಲ್ಟರ್ ಪಕ್ಕದ ಕಿಟಕಿಯ ಹತ್ತಿರ ಕೂತು ಉಣ್ಣತೊಡಗಿದಳು. ಎರಡು ತಿಂಗಳಾಗುವಷ್ಟರಲ್ಲಿ ಒಂದೊಂದು ಬೆಸುಗೆಯನ್ನೂ ಮೂರು ಮೂರು ಸಲ ಮುಟ್ಟಿ ನೋಡಲು ಶುರು ಮಾಡಿದಳು. ದಿನಕ್ಕೆ ಹತ್ತು ಬೋರ್ಡು ಮಾಡುತ್ತಿದ್ದವಳ ಕೈ ನಾಲ್ಕಕ್ಕೆ ಇಳಿಯಿತು. ಕೊನೆಗೆ ತಾನೇ ಕೇಳಿಕೊಂಡು ಐರನ್ ಬಿಟ್ಟು, ಬೋರ್ಡುಗಳನ್ನು ಬ್ರಷ್ಷಿನಲ್ಲಿ ತೊಳೆಯುವ ಕೆಲಸಕ್ಕೆ ಹೋದಳು. ರಿಟೈರಾಗುವ ತನಕ ಅದನ್ನೇ ಮಾಡಿದಳು.

*

ನರೇಂದ್ರರ ಕಾರು ಗಲ್ಲಿಗೆ ಬರಲಾರದೆ ರಸ್ತೆಯಲ್ಲೇ ನಿಂತಿತು. ಈಗವರು ಮ್ಯಾನೇಜರು, ತಲೆ ಪೂರಾ ನರೆತಿತ್ತು. ಕಂಪನಿಯ ಹೆಸರಿನ ರಿಬ್ಬನ್ ಕಟ್ಟಿದ್ದ ದುಂಡನೆಯ ಹೂವಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು. ಚನ್ನಕ್ಕ ಎದ್ದು ಅವರನ್ನು ಗೋಡೆಯ ಬದಿಗೆ ಕರೆದಳು. ಬೆಳಿಗ್ಗೆ ಕಂಪನಿಯವರ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಓದಿದವಳು, ಹದಿನೇಳನೇ ಗೂಡಿನ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿದಳು. ನರೇಂದ್ರ ಪೂರ್ತಿ ಕೇಳಿಸಿಕೊಂಡರು.

"ಈಗ ಯಾಕಮ್ಮ ಅದೆಲ್ಲಾ? ಆ ಫೈಲೇ ಇಲ್ಲ ಈಗ."

"ಒಂದಿತ್ತು ಸಾರ್. ಅವಳು ಏಳಿದ್ದು ನಿಜ."

"ನೀವೇ ಸರಿ ಮಾಡಿದ್ರಲ್ಲ. ಡಬ್ಬಿ ಸರಿಯಾಗೇ ಹೋಯ್ತು."

"ಡಬ್ಬಿ ಸರಿಯಾಗೇ ಓಯ್ತು ಸಾರ್. ಅವಳು?"

ನರೇಂದ್ರ ಹೂವಿನ ಚಕ್ರವನ್ನು ಗೋಡೆಗೆ ಒರಗಿಸಿದರು. "ಇಲ್ಲಿ ಯಾರ ಹತ್ರಾನೂ ಹೇಳಕ್ಕೆ ಹೋಗ್ಬೇಡಿ. ಎಲ್ರೂ ಸೈನ್ ಮಾಡಿದ್ದೀವಿ, ನೆನಪಿರಲಿ," ಎಂದು ರಹಮತುಲ್ಲಾರತ್ತ ನಡೆದು, ಅವರ ಕೈ ಹಿಡಿದು ಎರಡು ಮಾತಾಡಿ, ಹೊರಟುಹೋದರು.

ಅಷ್ಟರಲ್ಲಿ ಟಾರ್ಪಾಲು ಸರಿಸಿ, ಶವಕ್ಕೆ ಬಿಳಿ ಕಫನ್ ಹೊದಿಸಿ, ಮುಖವೊಂದನ್ನು ತೆರೆದು ವರಾಂಡದಲ್ಲಿ ಮಂಚದ ಮೇಲೆ ಮಲಗಿಸಿದರು. ಹೆಂಗಸರು ಒಬ್ಬೊಬ್ಬರಾಗಿ ನೋಡಿ ಸರಿದರು. ರಹಮತುಲ್ಲಾ ಮೆಟ್ಟಿಲ ಮೇಲೆ ನಿಂತು, ಬಂದವರಿಗೆಲ್ಲ ತಿಳಿಯಲೆಂದು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು.

"ನಮ್ಮ ಅಕ್ಕನಿಂದ ಯಾರಿಗಾದ್ರೂ ನೋವಾಗಿದ್ರೆ, ಯಾರ ಮನಸ್ಸಾದ್ರೂ ನೊಂದಿದ್ರೆ, ದಯವಿಟ್ಟು ಮಾಫ್ ಮಾಡ್ಬಿಡಿ. ಅವ್ರು ಇನ್ ಬಂದು ಕೇಳೋಕಾಗಲ್ಲ."

"ಮಾಫ್ ಮಾಡಿದ್ವಿ," ಎಂದು ಅಲ್ಲೊಬ್ಬರು ಇಲ್ಲೊಬ್ಬರು ಗೊಣಗಿದರು.

ಚನ್ನಕ್ಕ ಬಾಗಿಲ ಪಕ್ಕದಲ್ಲಿದ್ದ ಹುಡುಗಿಯ ತೋಳು ಹಿಡಿದಳು. ಆಗಿನ ಪುಟ್ಟ ಮುಖ ಈಗಲೂ ಗುರುತು ಹತ್ತುವಂತಿತ್ತು. "ಅಮ್ರೀನ್ ಅಲ್ವೇನಮ್ಮ ನೀನು? ನಾವು ಅವಳಿಗೆ ನೋವು ಮಾಡಿದ್ರೆ, ಅದನ್ನ ಯಾರತ್ರ ಕೇಳೋದು?"

ಅಮ್ರೀನ್‌ಗೆ ತಿಳಿಯಲಿಲ್ಲ. "ನೀವು ಯಾರು ಆಂಟಿ?"

ಬಾಗಿಲ ಹಿಂದಿನ ಕಿರಿದಾದ ಜಾಗದಲ್ಲಿ ನಿಂತು ಚನ್ನಕ್ಕ ಹೇಳಿದಳು. ರೇಡಿಯೋ ಅಲ್ಲವೆಂದು, ವಿಮಾನದ ಗೂಡುಗಳೆಂದು, ಬೆಂಕಿಯ ಮೊಟ್ಟೆಗಳೆಂದು ತನಗೆ ಬಂದಂತೆ ಹೇಳಿದಳು. ಐರನ್ ಕಾಯದ ವಾರ, ವಾಪಸು ಬಂದ ಡಬ್ಬಿಗಳು, ತನ್ನ ನೀಲಿ ಶಾಯಿ, ಒಂದನ್ನೂ ಬಿಡಲಿಲ್ಲ.

ಅಮ್ರೀನ್ ಗೋಡೆಗೆ ಒರಗಿದಳು. ಆ ವರ್ಷ ಯುಗಾದಿಗೂ ಮುಂಚೆ ನಡೆದ ಏರ್ ಶೋ ಅವಳಿಗೆ ನೆನಪಾಯಿತು. ತಾರಸಿಯ ಮೇಲೆ ಮನೆಮಂದಿಯೆಲ್ಲ ನಿಂತಿದ್ದರು. ಒಂದು ವಿಮಾನ ಹಿಂದಕ್ಕೆ ಬೆಂಕಿಯ ಉಂಡೆಗಳನ್ನು ಚೆಲ್ಲುತ್ತ ಹೋದಾಗ ಎಲ್ಲರೂ ಕೂಗಾಡಿದ್ದರು. ಫುಪ್ಪು ಮಾತ್ರ ಬೆರಳು ಮಡಿಸುತ್ತ ಎಣಿಸಿದ್ದಳು. ಮುಗಿದ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತು, "ಒಂದೂ ತಪ್ಪಲಿಲ್ಲ," ಎಂದು ದುಪಟ್ಟಾದಲ್ಲಿ ಮುಖ ಒರೆಸಿಕೊಂಡಿದ್ದಳು. ಏನು ತಪ್ಪಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಬೀಗ ಎಳೆಯುವುದು ಶುರುವಾದದ್ದು ಅದೇ ವರ್ಷ, ಬೇಸಿಗೆ ಕಳೆದ ಮೇಲೆ.

"ನಾವು ನಗ್ತಿದ್ವಿ," ಎಂದಳು ಅಮ್ರೀನ್. "ಗ್ಯಾಸ್ ಆಫ್ ಆಗಿದ್ಯಾ ಅಂತ ಕೆಳಗೆ ಬಂದು ನನ್ನ ಕೇಳ್ತಿದ್ರು. ಹದಿಮೂರು ವರ್ಷ."

"ನೀನೇ ಏಳ್ಬಿಡಮ್ಮ ಅವಳಿಗೆ. ನಿಮ್ ಮಾತಲ್ಲಿ ಏಳು. ನನ್ ಕೈಲಾಗಲ್ಲ."

"ನಾನ್ ಹೇಳಲ್ಲ." ಅಮ್ರೀನ್ ಕಣ್ಣೊರೆಸಿಕೊಂಡಳು. "ನೀವೇ ಹೇಳ್ಬೇಕು. ಬನ್ನಿ."

ಹೆಂಗಸರು ದಾರಿ ಬಿಟ್ಟರು. ಕಫನ್‌ನ ಬಿಳಿಯ ನಡುವೆ ಮುಸರ್ರತ್‌ಳ ಮುಖ ಸಣ್ಣದಾಗಿತ್ತು. ಮೂಗಿನ ಪಕ್ಕದಲ್ಲಿ ಕನ್ನಡಕದ ಗುರುತು ಹಾಗೇ ಉಳಿದಿತ್ತು. ಚನ್ನಕ್ಕ ಬಾಗಿದಳು. ಮುಟ್ಟಬಹುದೋ ಬಾರದೋ ತಿಳಿಯದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮುಸರ್ರತ್. ಒಂದಿತ್ತು ಕಣೆ. ಇಪ್ಪತ್ತಾರನೇ ಡಬ್ಬಿ, ಅದಿನೇಳನೇ ಗೂಡು. ಅತ್ತಲಿಲ್ಲ ಅದು. ನಾನೇ ಮುಚ್ಚಾಕಿದ್ದು. ನಿನ್ ಕೈ ಸರಿಯಾಗೇ ಏಳಿತ್ತು."

ಮಾತು ಮುಗಿದ ಮೇಲೂ ಉತ್ತರಕ್ಕೆ ಕಾಯುವವಳಂತೆ ಹಾಗೇ ಬಾಗಿದ್ದಳು. ಜೈಬುನ್ನೀಸಾ ಅವಳ ಭುಜ ಮುಟ್ಟಿ ಮೆಲ್ಲಗೆ ಹಿಂದಕ್ಕೆ ಸರಿಸಿ, ಕಫನ್ನಿನ ಅಂಚನ್ನು ಮುಖದ ಮೇಲೆ ಎಳೆದು ಗಂಟು ಹಾಕಿದರು.

"ಏನಂದ್ರು ಆ ಅಮ್ಮ?" ಎಂದು ರಹಮತುಲ್ಲಾ ಮಗಳನ್ನು ಕೇಳಿದರು.

"ಕೆಲಸದ ಮಾತು ಅಬ್ಬಾ," ಎಂದಳು ಅಮ್ರೀನ್.

ಮಧ್ಯಾಹ್ನದ ನಮಾಜಿನ ಹೊತ್ತಾಗಿತ್ತು. ಗಂಡಸರು ಮಂಚಕ್ಕೆ ಹೆಗಲು ಕೊಟ್ಟು ಕಲಿಮಾ ಹೇಳುತ್ತ ಗಲ್ಲಿಯ ತಿರುವು ದಾಟಿದರು. ಅಮ್ರೀನ್ ತಿರುವಿನ ತನಕ ನೋಡಿ, ಚನ್ನಕ್ಕನ ಪಕ್ಕದಿಂದಲೇ ಒಳಗೆ ಹೋದಳು. ನಿಲ್ಲಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಯಾರೋ ನೆಲ ಒರೆಸಲು ಶುರು ಮಾಡಿದರು.

ಚನ್ನಕ್ಕ ಹೋಗಿ ಗೋಡೆಯ ಬದಿಯ ಅದೇ ಕುರ್ಚಿಯಲ್ಲಿ ಕುಳಿತಳು. ಶಾಮಿಯಾನದವನು ಆ ತುದಿಯಿಂದ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತ ಬಂದ. ಹತ್ತು ಹತ್ತರ ಮೂರು ಸಾಲು ಗಾಡಿ ಸೇರಿದವು, ಆಮೇಲೆ ಇನ್ನೂ ಒಂಬತ್ತು. ಅವನು ಅವಳ ಮುಂದೆ ಬಂದು ನಿಂತ.

"ಅಮ್ಮ, ಇದೊಂದೇ ಇರೋದು. ಮತ್ತಿಕೆರೇಲಿ ಇನ್ನೊಂದು ಕಡೆ ಹಾಕ್ಬೇಕು."

ಅವಳು ಎದ್ದಳು. ಅವನು ಕುರ್ಚಿ ಎತ್ತಿಕೊಂಡು ಹೋದ. ನೆನೆದ ಮಣ್ಣಿನಲ್ಲಿ ಅದರ ಕಾಲುಗಳು ಊರಿದ್ದ ನಾಲ್ಕು ಗುಳಿಗಳಿಗೆ ಸ್ನಾನದ ನೀರು ಮೆಲ್ಲಗೆ ಇಳಿಯುತ್ತಿತ್ತು. ಆ ನಾಲ್ಕರ ನಡುವೆ ಚನ್ನಕ್ಕ ನಿಂತೇ ಇದ್ದಳು.